ತೋಡಾರಿನಲ್ಲಿ ಒಂದೇ ಸಲ ಕೇಳುತ್ತಾರೆ

ಹೊಸ ಊರಿನ ಮೊದಲ ಊಟದಲ್ಲೇ ನಾನು ಅರೆಹೊಟ್ಟೆಯಲ್ಲಿ ಎದ್ದೆ. ಅಡುಗೆ ಕಡಿಮೆ ಇತ್ತೆಂದಲ್ಲ. ಕುಚ್ಚಲಕ್ಕಿ ಅನ್ನ ಪಾತ್ರೆ ತುಂಬ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಬಸಳೆಯ ಪದಾರ್ಥ. ನಾವು ಪಲ್ಯ, ಸಾರು ಎಂದು ಬೇರೆ ಬೇರೆ ಕರೆಯುವುದಕ್ಕೆಲ್ಲ ಇಲ್ಲಿ ಪದಾರ್ಥ ಎಂಬ ಒಂದೇ ಹೆಸರು. ಮನೆಯೊಡತಿ ಶಾರದಕ್ಕ ಸೌಟು ಹಿಡಿದು, "ಇನ್ನು ಸ್ವಲ್ಪ ಹಾಕ್ಲಾ?" ಎಂದರು.

"ಬ್ಯಾಡ್ರಿ" ಎಂದೆ.

"ಆಯ್ತು" ಎಂದು ಅವರು ಪಾತ್ರೆಗೆ ಮುಚ್ಚಳ ಹಾಕಿಬಿಟ್ಟರು.

ಗದಗ ಸೀಮೆಯ ಓದುಗರಿಗೆ ನನ್ನ ಸಂಕಟ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ 'ಬ್ಯಾಡ' ಎನ್ನುವುದು ಊಟದ ಆರಂಭ. ಉಣ್ಣುವವರು ಬ್ಯಾಡ ಅನ್ನಬೇಕು, ಬಡಿಸುವವರು ಬಿಡಬಾರದು. ಎರಡನೇ ಸಲ ಕೇಳಿದಾಗ 'ಸಾಕ್ರಿ' ಎನ್ನಬೇಕು, ಮೂರನೇ ಸಲ ಅವರೇ ಹಾಕಿಬಿಡಬೇಕು. ಮೊದಲ ಸಲಕ್ಕೇ 'ಹಾಕ್ರಿ' ಎಂದವಳನ್ನು ಊರೆಲ್ಲ ಹೊಟ್ಟೆಬಾಕಿ ಎಂದೀತು. ನಾನು ಮರ್ಯಾದಸ್ಥೆಯಂತೆ ಬ್ಯಾಡ ಎಂದು ಎರಡನೇ ಕೇಳಿಕೆಗೆ ಕಾಯುತ್ತ ಕುಳಿತೆ. ಶಾರದಕ್ಕ ಟಿ.ವಿ. ಹಾಕಿದರು.

ಹಿಂದಿನ ದಿನವೂ ಹೀಗೇ ಆಗಿತ್ತು. ನನ್ನವ್ವ ವಾರದ ಸಂತೆಗಳಲ್ಲಿ ಕುಪ್ಪಸದ ಖಣ ಮಾರುವವಳು. ನಡೆಯಲು ಕಲಿತಾಗಿನಿಂದ ನಾನು ಆ ಅಂಗಡಿಯಲ್ಲಿ ಕೂತವಳು, ಕೋಚಿಂಗಿನ ಖರ್ಚನ್ನೂ ಅಲ್ಲೇ ದುಡಿದುಕೊಂಡವಳು. ಮೂಡುಬಿದಿರೆಯಲ್ಲಿ ಆಯುರ್ವೇದ ವೈದ್ಯಕೀಯಕ್ಕೆ ಸೀಟು ಸಿಕ್ಕಿತು. ಹಾಸ್ಟೆಲ್ಲಿನಲ್ಲಿ ಜಾಗವಿರಲಿಲ್ಲ. ಮಂಗಳೂರು ರಸ್ತೆಯಲ್ಲಿ, ಬಸ್ಸಿಗೆ ಹತ್ತಿರವಿದೆ ಎಂದು ತೋಡಾರಿನ ಈ ಮನೆ ನೋಡಲು ಬಂದೆ. ಶಾರದಕ್ಕನ ಗಂಡ ಕತಾರಿನ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಾರೆ, ಮನೆಯಲ್ಲಿ ಅವರೊಬ್ಬರೇ. ಬಾಡಿಗೆ ಹೇಳಿದರು. ನಾನು ಸಂತೆಯ ಲೆಕ್ಕದಲ್ಲಿ ಅರ್ಧಕ್ಕೆ ಕೇಳಿದೆ. ಅವರು "ಇಲ್ಲ ಮಾರಾಯ್ತಿ, ಆಗುದಿಲ್ಲ" ಎಂದರು. ಸರಿ ಎಂದು ಚೀಲ ಎತ್ತಿಕೊಂಡು ಹೊರಟೆ. ಹೊರಟವಳನ್ನು ಕೂಗಿ ಕರೆಯುವುದು ಅಂಗಡಿಯವರ ಧರ್ಮ. ಅಂಗಳ ದಾಟಿದೆ, ಗೇಟು ದಾಟಿದೆ, ಬಸ್‌ಸ್ಟಾಪಿನವರೆಗೂ ಹೋದೆ. ಯಾರೂ ಕೂಗಲಿಲ್ಲ. ಹಿಂದಿರುಗಿದಾಗ ಶಾರದಕ್ಕ ಅಂಗಳ ಗುಡಿಸುತ್ತಿದ್ದರು.

"ಎಂತ, ಏನಾದ್ರೂ ಬಿಟ್ಟು ಹೋದ್ರಾ?"

"ರೂಮು" ಎಂದೆ. ನಕ್ಕು ಕೀಲಿಕೈ ಕೊಟ್ಟರು. ಬಾಡಿಗೆ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ. ನಮ್ಮ ಕಡೆಯಿಂದ ಈ ಕಡೆಗೆ ಓದಲು ಬರುವವರಿಗೆ ಮೊದಲ ಬುದ್ಧಿಮಾತು: ಇವರು ಮೊದಲು ಹೇಳುವ ಬೆಲೆಯೇ ಕೊನೆಯ ಬೆಲೆ. ಎದ್ದು ಹೋಗುವ ನಾಟಕ ಆಡಬೇಡಿ, ಕಾಲು ನೋಯುತ್ತದೆ.

ಎರಡನೆಯದು, ಖಡಕ್ ರೊಟ್ಟಿ ತಂದರೆ ಗಾಳಿಯಾಡದ ಸ್ಟೀಲಿನ ಡಬ್ಬಿಯಲ್ಲಿ ತನ್ನಿ. ಬಟ್ಟೆಯಲ್ಲಿ ಸುತ್ತಿ ತಂದ ನನ್ನ ರೊಟ್ಟಿ ಇಲ್ಲಿನ ತೇವಕ್ಕೆ ಮೆತ್ತಗಾಗಿ ಕರವಸ್ತ್ರದಂತೆ ಮಡಚಿಕೊಳ್ಳತೊಡಗಿತು. ಮೂರನೆಯದು, ದಪ್ಪ ಬಟ್ಟೆ ಬೇಡ. ಬೆವರು ನಿಲ್ಲುವುದಿಲ್ಲ, ಒಗೆದದ್ದು ಒಣಗುವುದಿಲ್ಲ.

ಆದರೆ ಕಾಲೇಜಿನ ವಿಷಯಕ್ಕೆ ಬಂದರೆ ನಾನು ಚೌಕಾಶಿಯನ್ನೇ ಮರೆಯುತ್ತೇನೆ. ಬಿಳಿ ಕೋಟು ಹಾಕಿಕೊಂಡ ದಿನ ಕಿಟಕಿಯ ಗಾಜು ಕಂಡಲ್ಲೆಲ್ಲ ನಿಂತು ನೋಡಿಕೊಂಡೆ. ಕಾಳುಮೆಣಸನ್ನು ನಾನು ಕಿರಾಣಿ ಅಂಗಡಿಯ ಪೊಟ್ಟಣದಲ್ಲಷ್ಟೇ ಕಂಡವಳು. ಇಲ್ಲಿನ ಔಷಧಿವನದಲ್ಲಿ ಅದು ಹಸಿರು ಮಣಿಸರವಾಗಿ ಬಳ್ಳಿಯಲ್ಲಿ ತೂಗುತ್ತಿತ್ತು. ಹಿಪ್ಪಲಿಯನ್ನು ಕಿತ್ತು ಅಗಿದು ನಾಲಿಗೆ ಸುಟ್ಟುಕೊಂಡೆ. ಶರೀರರಚನೆಯ ತರಗತಿಯಲ್ಲಿ ಮೊದಲ ಸಲ ಮನುಷ್ಯನ ಮೊಣಕೈ ಮೂಳೆ ಕೈಗೆ ಬಂದಾಗ ಅದನ್ನು ಸೇರಬೇಕಾದ ಮೂಳೆಯ ಪಕ್ಕ ಹಿಡಿದು ನೋಡಿದೆ. ಯಾವ ದರ್ಜಿಯೂ ಇಷ್ಟು ಸರಿಯಾಗಿ ತೋಳು ಕೂಡಿಸಿದ್ದನ್ನು ನಾನು ಕಂಡಿಲ್ಲ. ಆ ದಿನ ಮನೆಗೆ ಫೋನು ಮಾಡಿದಾಗ ಅವ್ವ, "ಹೆಣದ ಎಲುಬು ಮುಟ್ಟಿ ಬಂದು ಇಷ್ಟು ನಗ್ತಾಳಲ್ಲ ಈಕಿ" ಎಂದಳು.

ಅವ್ವ ಒಂದು ಮಾತಿನ ಮೇಲೆ ನನ್ನನ್ನು ಕಳಿಸಿದ್ದಳು. ಹಬ್ಬ ಮುಗಿದ ಮೇಲೆ ಊರವರ ಜೊತೆ ಧರ್ಮಸ್ಥಳಕ್ಕೆ ಬರುತ್ತಾಳೆ. ಅಲ್ಲಿಂದ ಬಂದು ಮನೆ ನೋಡುತ್ತಾಳೆ. ಮನೆಯವರು ಸರಿ ಕಂಡರೆ ಓದು, ಇಲ್ಲದಿದ್ದರೆ ತನ್ನ ಜೊತೆಗೇ ವಾಪಸ್ಸು. ಅವ್ವನ ಮಾತು ಬಾಡಿಗೆಗಿಂತ ಗಟ್ಟಿ.

ಹೀಗಿರುವಾಗ ಅವಳು ಬರುವ ವಾರದಲ್ಲೇ ಶಾರದಕ್ಕ ನನ್ನನ್ನು ಕರೆದು ಕೂರಿಸಿದರು.

"ಸುಮಾ, ನಿಮಗೆ ನಮ್ಮ ಅಡಿಗೆ ಹಿಡಿಸ್ಲಿಲ್ಲ ಅಂತ ಕಾಣ್ತದೆ. ನೀವು ತಿನ್ನುದಿಲ್ಲ ಅಂತ ಮೀನಿನ ಪಾತ್ರೆ ಬೇರೆ ಇಟ್ಟಿದ್ದೇನೆ. ತೆಂಗಿನಕಾಯಿ ಕಡಿಮೆ ಮಾಡಿ ನೋಡಿದೆ. ಎಂತ ಮಾಡಿದ್ರೂ ನೀವು ಬೇಡ ಬೇಡ ಹೇಳ್ತೀರಿ. ನನಗೂ ಬೇಜಾರಾಗ್ತದೆ. ಬೇರೆ ಕಡೆ ಜಾಗ ಸಿಕ್ಕಿದ್ರೆ ನೋಡಿಕೊಳ್ಳಿ, ತೊಂದ್ರೆ ಇಲ್ಲ."

"ಹೂಂ" ಎಂದು ಎದ್ದೆ. ಸಂತೆಯಲ್ಲಿ ಹದಿನಾರು ಅಂಗಡಿಯವರ ನಡುವೆ ಕೂಗಿ ಮಾರಿದ ಗಂಟಲಿನಿಂದ ಬಂದದ್ದು ಅಷ್ಟೇ.

ಮರುದಿನ ಕ್ಯಾಂಟೀನಿನಲ್ಲಿ ಗೆಳತಿ ಸಫಿಯಾ ಗೋಳಿಬಜೆಯ ತಟ್ಟೆ ನನ್ನತ್ತ ನೂಕಿದಳು. ಅವಳು ಫರಂಗಿಪೇಟೆಯವಳು. ಬ್ಯಾಡ ಎಂದೆ. ಅವಳು ಒಂದೊಂದೇ ತಿಂದು ಮುಗಿಸಿದಳು. ನಾನು ಕೊನೆಯ ಬಜೆಯನ್ನು ಕಣ್ಣಲ್ಲೇ ಬೀಳ್ಕೊಟ್ಟದ್ದು ಅವಳಿಗೆ ಕಂಡಿತು.

"ಎಂತ ಮಾರಾಯ್ತಿ, ಬೇಕಿತ್ತಾ ನಿನಗೆ? ಬೇಡ ಹೇಳಿದ್ದಲ್ವಾ?"

"ಇನ್ನೊಮ್ಮೆ ಕೇಳಬೇಕಿತ್ತಲ್ಲಾ ನೀನು."

"ಯಾಕೆ? ನಿನಗೆ ಕಿವಿ ಕೇಳುದಿಲ್ವಾ?" ಎಂದವಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಅಲ್ಲ, ನೀವು ಹಸಿವಾದ್ರೂ ಬೇಡ ಹೇಳುದಾ? ನಮ್ಮಲ್ಲಿ ಬೇಡ ಅಂದವರಿಗೆ ಮತ್ತೆ ಮತ್ತೆ ಹಾಕಿದ್ರೆ ಬೈತಾರೆ. ಒತ್ತಾಯ ಮಾಡಿ ಅನ್ನ ಹಾಳು ಮಾಡಿಸಿದ್ರು ಅಂತ."

ಆಗ ತಿಳಿಯಿತು. ಇಷ್ಟು ದಿನ ನಾನು ತೋರಿಸಿದ್ದು ಮರ್ಯಾದೆ, ಶಾರದಕ್ಕನಿಗೆ ಕಂಡದ್ದು ತಿರಸ್ಕಾರ. ಅವರು ತೋರಿಸಿದ್ದೂ ಮರ್ಯಾದೆಯೇ, ನನಗೆ ಕಂಡದ್ದು ಜಿಪುಣತನ.

ಸಂಜೆ ಬಸ್ಸಿಳಿದವಳು ನೇರ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಶಾರದಕ್ಕ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಿಮ್ಮೂರಲ್ಲಿ ನಿಜವಾಗಿ ಬೇಡ ಆದ್ರೆ ಎಂತ ಹೇಳುದು?"

"ಹೇಳೋದಿಲ್ಲ ಅಕ್ಕ. ಎಲೆ ಮೇಲೆ ಎರಡೂ ಕೈ ಅಡ್ಡ ಹಿಡೀತೀವಿ."

"ಆಗ ಬಿಡ್ತಾರಾ?"

"ಇಲ್ಲ. ಕೈ ಮೇಲೇ ಹಾಕ್ತಾರೆ."

ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ದೇವರೇ, ಮೂರು ವಾರ ಉಪವಾಸ ಹಾಕಿದೆನಲ್ಲ ನಿಮ್ಮನ್ನು. ಈಗ ಕೇಳ್ತೇನೆ, ಸರಿಯಾಗಿ ಹೇಳಿ. ಅವಲಕ್ಕಿ ಉಂಟು, ಬೇಕಾ?"

ಗಂಟಲಲ್ಲಿ 'ಬ್ಯಾಡ' ಬಂದು ನಿಂತಿತು. ಅದನ್ನು ನುಂಗಿ "ಬೇಕು" ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಲಕ್ಕಿ ಬಹಳ ಚೆನ್ನಾಗಿತ್ತು.

ಆದರೆ ಊರಿನ ಅಭ್ಯಾಸವನ್ನು ಪೂರ್ತಿ ಎಸೆಯಬೇಡಿ, ಕೆಲಸಕ್ಕೆ ಬರುತ್ತದೆ. ನೋಡಿ ಕಲಿಯಲಿ ಎಂದು ನಮ್ಮನ್ನು ಹೊರರೋಗಿ ವಿಭಾಗದಲ್ಲಿ ನಿಲ್ಲಿಸಿದ ದಿನ, ಬಂಟ್ವಾಳದಿಂದ ಬಂದ ಅಜ್ಜಿಯೊಬ್ಬರು ನೋವು ಉಂಟಾ ಎಂದು ಡಾಕ್ಟರ್ ಮೇಡಮ್ ಕೇಳಿದ್ದಕ್ಕೆ "ಇಜ್ಜಿ" ಎಂದರು. ತುಳುವಿನಲ್ಲಿ ಹಾಗೆಂದರೆ ಇಲ್ಲ. ಮೇಡಮ್ ಮಾತು ಬದಲಿಸಿ ಮತ್ತೆ ಕೇಳಿದರು, ಇನ್ನೊಮ್ಮೆ ಕೇಳಿದರು. ಮೂರನೇ ಸಲಕ್ಕೆ ಅಜ್ಜಿ ಮಂಡಿ ತೋರಿಸಿದರು. ನನಗೆ ಕುಣಿಯುವಷ್ಟು ಖುಷಿ. ಮೂರು ಸಲ ಕೇಳುವ ಈ ವಿದ್ಯೆ ನನಗೆ ಆಗಲೇ ಅರ್ಧ ಬರುತ್ತದೆ.

ಭಾನುವಾರ ಅವ್ವ ಬಂದಳು. ಧರ್ಮಸ್ಥಳಕ್ಕೇ ಹೋಗಿ ಕರೆದುಕೊಂಡು ಬಂದೆ. ಬೆಳ್ತಂಗಡಿ ದಾಟಿ, ವೇಣೂರು ದಾಟಿ ಮೂಡುಬಿದಿರೆ ತಲುಪುವವರೆಗೂ ಅವಳು ಕಿಟಕಿಯಾಚೆ ನೋಡುತ್ತ, "ಬಯಲ ಇಲ್ಲಲ್ಲಬೇ. ಮಳಿ ಬರೋದು ಹೆಂಗ ಕಾಣ್ತೈತಿ ಇವರಿಗೆ?" ಎಂದು ಒಂದೇ ಸಮ ಕೇಳಿದಳು. ಊಟಕ್ಕೆ ಕೂತೆವು. ಅವಳಿಗೆ ಒಂದೇ ಸಲ ಕೇಳಿದರೆ ನನ್ನ ಓದು ಅಲ್ಲಿಗೇ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಶಾರದಕ್ಕ ನೀರುದೋಸೆ ಹಿಡಿದು ಬಂದರು.

"ಬ್ಯಾಡ್ರಿ ಬಾಯಾರ" ಎಂದಳು ಅವ್ವ.

ಶಾರದಕ್ಕನ ಕೈ ಅಭ್ಯಾಸದಂತೆ ಹಿಂದೆ ಸರಿಯಿತು. ಅವರು ನನ್ನನ್ನು ನೋಡಿದರು. ಹಾಕಿ ಎಂಬಂತೆ ನಾನು ಕತ್ತು ಆಡಿಸಿದೆ. ದೋಸೆ ಎಲೆಗೆ ಬಿತ್ತು. "ಸಾಕ್ರಿ, ಸಾಕ್ರಿ" ಎಂದು ಅವ್ವ ಇನ್ನೊಂದು ಉಂಡಳು. ಎರಡೂ ಕೈ ಅಡ್ಡ ಹಿಡಿದಾಗ ಶಾರದಕ್ಕ ಬಗ್ಗಿ ನನ್ನ ಕಿವಿಯಲ್ಲಿ, "ಇದು ನಿಜದ್ದಾ?" ಎಂದರು. ಹೌದೆಂದೆ. ಆದರೂ ಅವರು ಒಂದು ದೋಸೆ ಆ ಕೈಗಳ ಮೇಲೇ ಹಾಕಿದರು.

ಅವ್ವ ಕೈ ತೊಳೆಯುತ್ತ, "ಉಣ್ಣಸೂದು ಗೊತ್ತೈತಿ ಈ ಮಂದಿಗೆ. ಇರು" ಎಂದಳು. ಅಲ್ಲಿಗೆ ನಾನು ಡಾಕ್ಟರಾಗುವುದು ತೀರ್ಮಾನವಾಯಿತು.

ಹೊರಡುವಾಗ ಅವಳು ಚೀಲದಿಂದ ಹೊಸ ಖಣವೊಂದನ್ನು ತೆಗೆದು ಶಾರದಕ್ಕನ ಮುಂದೆ ಹಿಡಿದಳು.

"ಬೇಡಮ್ಮಾ" ಎಂದರು ಶಾರದಕ್ಕ.

"ತಗೋರಿ."

"ಬೇಡ, ಬೇಡ."

ಅವ್ವ ಖಣ ಹಿಡಿದೇ ನನ್ನತ್ತ ತಿರುಗಿದಳು. "ಏನಂತಾರಬೇ? ಖರೇನ ಬ್ಯಾಡಂತಾರೋ, ಸುಮ್ಮನ ಅಂತಾರೋ?"

ಶಾರದಕ್ಕನ ಮುಖ ನೋಡಿದೆ. ತಮ್ಮ ಊರಿನಂತೆ ಒಮ್ಮೆಗೇ ಬೇಡ ಎಂದರೋ, ನನ್ನಿಂದ ಕಲಿತು ನಮ್ಮ ಊರಿನಂತೆ ಎಂದರೋ? ಇಬ್ಬರೂ ನನಗಾಗಿ ಕಾಯುತ್ತಿದ್ದರು. ಎರಡೂ ಮರ್ಯಾದೆ ಬಲ್ಲವಳು ಅಂಗಳದಲ್ಲಿ ನಾನೊಬ್ಬಳೇ, ಮತ್ತು ನನಗೆ ಗೊತ್ತಾಗಲಿಲ್ಲ.