ಅಣ್ಣ ಹಡಗು ಹತ್ತಿದ ಸೋಮವಾರ

ಇಂಗ್ಲೆಂಡಿನ ಬಂದರೂರು ಗಾಸ್‌ಪೋರ್ಟಿನ ನಮ್ಮ ಬೀದಿಯಲ್ಲಿ ಎರಡು ಕಟ್ಟಳೆಗಳಿದ್ದವು. ಸೋಮವಾರ ಬಟ್ಟೆ ಒಗೆಯಲೇಬೇಕು. ಮನೆಯ ಗಂಡಸು ಹಡಗು ಹತ್ತಿದ ದಿನ ಒಗೆಯಲೇಬಾರದು. ಒಗೆದರೆ ಅವನನ್ನೇ ನೀರಿಗೆ ಕೊಟ್ಟಂತೆ.

ನನ್ನಣ್ಣ ಕ್ಲೆಮೆಂಟ್ ಹದಿನೈದಕ್ಕೇ ನೌಕಾಪಡೆ ಸೇರಿದವನು. ಡೆಕ್ಕು ಉಜ್ಜುತ್ತಲೇ ಮೇಲೇರಿ ಅಧಿಕಾರಿಯಾದ. ಮೊದಲ ಮಹಾಯುದ್ಧದಲ್ಲಿ ಹಡಗು ಮುಳುಗಿದಾಗ ಹಲಗೆಯೊಂದನ್ನು ಹಿಡಿದು ನಾಲ್ಕು ಗಂಟೆ ತೇಲಿದ. "ಅವನು ಹಡಗು ಹತ್ತಿದ ದಿನ ನಾನು ಒಂದು ಕರ್ಚೀಫೂ ಒಗೀಲಿಲ್ಲ" ಎಂದು ಅಮ್ಮ ಸಾಯುವ ತನಕ ಹೇಳಿಕೊಂಡು ತಿರುಗಿದಳು. ಯುದ್ಧ ಮುಗಿದು ಕೆಲವು ವರ್ಷಕ್ಕೆ ನೌಕಾಪಡೆಗೆ ಅವನು ಬೇಡವಾದ. ಹದಿನೇಳು ವರ್ಷ ಕೋಳಿ ಸಾಕಿದ. ಅವಕ್ಕೂ ಆಜ್ಞೆ ಮಾಡುತ್ತಿದ್ದ, ಒಂದೂ ಕೇಳುತ್ತಿರಲಿಲ್ಲ. ಎರಡನೆಯ ಯುದ್ಧ ಶುರುವಾದ ಮೂವತ್ತೊಂಬತ್ತರಲ್ಲಿ ಮತ್ತೆ ಕರೆ ಬಂತು: ಶತ್ರುಗಳು ಕಡಲಲ್ಲಿ ಬಿಟ್ಟ ಸಿಡಿಯುವ ಮೈನು ತೆಗೆಯುವ ಸಣ್ಣ ಹಡಗಿನ ಮೇಲೆ.

ಮರುವರ್ಷ ರಜೆ ಮುಗಿಸಿ ಅವನು ಹೊರಟದ್ದು ಒಂದು ಸೋಮವಾರ. ಅತ್ತಿಗೆ ವಿನಿಫ್ರೆಡ್ ಬಟ್ಟೆ ಕುದಿಸುವ ಹಂಡೆಗೆ ಬೆಂಕಿ ಹಾಕಲಿಲ್ಲ.

"ಅತ್ತಿಗೆ, ಜರ್ಮನ್ನರು ನಮ್ಮ ಹಿತ್ತಲ ಹಗ್ಗ ನೋಡ್ಕೊಂಡು ಗುಂಡು ಹಾರಿಸ್ತಾರಾ?" ಎಂದೆ.

"ಬೇಡ ಹಿಲ್ಡಾ. ನಾಳೆ ಒಗೆಯೋಣ."

"ನಾಳೆ ಒಗೆದ್ರೆ ಬೀದಿಯೆಲ್ಲ ನಮ್ಮನ್ನ ಸೋಮಾರಿಗಳು ಅನ್ನುತ್ತೆ."

ಅವಳು ಅಣ್ಣನನ್ನು ದೋಣಿಕಟ್ಟೆಗೆ ಬಿಟ್ಟು ಬರುವಷ್ಟರಲ್ಲಿ ನಾನು ಒಗೆದ ಅವನ ಎರಡು ಬಿಳಿ ಅಂಗಿ ಹಗ್ಗದ ಮೇಲಿದ್ದವು.

ಗುರುವಾರ ತಂತಿ ಬಂತು. ಹಡಗು ಮುಳುಗಿದೆ, ಅಣ್ಣ ಕಾಣೆಯಾಗಿದ್ದಾನೆ. ಅತ್ತಿಗೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಚಹಾ ಮುಂದಿಟ್ಟು ಮುಖ ತಿರುಗಿಸಿ ಹೋಗುತ್ತಿದ್ದಳು. ಇಂಥದ್ದನ್ನೆಲ್ಲ ನಂಬದ ನಾನು, ಅಣ್ಣನನ್ನು ನನ್ನ ಕೈಯಾರೆ ಕೊಂದೆನೆಂದೇ ನಂಬಿದೆ. ಆ ಅಂಗಿಗಳಿದ್ದ ಬೀರುವಿನ ಹತ್ತಿರವೂ ಸುಳಿಯಲಿಲ್ಲ.

ಹತ್ತನೆಯ ದಿನ ಹಿತ್ತಲ ಬಾಗಿಲಲ್ಲಿ ಮೀನಿನ ನಾತ. ಯಾವನೋ ಮೀನುಗಾರನ ಸ್ವೆಟರ್ ತೊಟ್ಟು ಅಣ್ಣ ನಿಂತಿದ್ದ. ಅವನನ್ನು ನೀರಿನಿಂದೆತ್ತಿದ ದೋಣಿ ಬಿರುಗಾಳಿಗೆ ಸಿಕ್ಕಿ ತಂತಿಯೂ ಇಲ್ಲದ ದ್ವೀಪವೊಂದರಲ್ಲಿ ವಾರ ಕಳೆದಿತ್ತಂತೆ.

"ಒಳಗೆ ಬರ್ಲಾ, ಇಲ್ಲ ನನ್ನನ್ನೂ ಇಲ್ಲೇ ಒಗೆದು ಒಣಗ್ಹಾಕ್ತೀರಾ?" ಎಂದ. "ನಾಳೆ ಮೇಲಧಿಕಾರಿಗಳ ಮುಂದೆ ನಿಲ್ಬೇಕು ವಿನ್ನಿ. ಬಟ್ಟೆಬರೆ ಎಲ್ಲ ಮುಳುಗ್ಹೋಯ್ತು. ಒಂದಾದ್ರೂ ಅಂಗಿ ಉಳಿದಿದೆಯಾ?"

ಅತ್ತಿಗೆ ಅವನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಎರಡಿದೆ. ನಮ್ಮ ಹಿಲ್ಡಾ ಒಗೆದಿಟ್ಟಿದ್ದಾಳೆ."

ತಂತಿ ಬಂದ ಮೇಲೆ ಅವಳು ನನ್ನ ಹೆಸರೆತ್ತಿದ್ದು ಅದೇ ಮೊದಲು. ಎದೆಯ ಮೇಲಿನ ಕಲ್ಲು ಇಳಿಯಿತು. ಮೆಟ್ಟಿಲ ಮೇಲೆ ಕುಳಿತು ಗೊಳೋ ಎಂದು ಅತ್ತುಬಿಟ್ಟೆ.

ಅಣ್ಣ ನಲವತ್ತೈದರಲ್ಲಿ ಯುದ್ಧ ಮುಗಿಯುವ ತನಕ ಕಡಲಲ್ಲಿದ್ದು, ಕೊನೆಗೆ ಕೋಳಿಗಳ ಬಳಿಗೇ ಮರಳಿದ. ಆದರೆ ಮುಳುಗಿ ಬಂದ ಮೇಲೆ ಅವನು ಮತ್ತೆ ಹೊರಟ ದಿನ ನಡೆದದ್ದನ್ನು ನಾನು ಅತ್ತಿಗೆಗೆ ಇನ್ನೂ ಹೇಳಿಲ್ಲ. ಅದೂ ಸೋಮವಾರವೇ. ಅವಳು ತೋಳು ಮೇಲೇರಿಸಿ, "ಹಂಡೆಗೆ ಬೆಂಕಿ ಹಾಕು ಹಿಲ್ಡಾ, ಇನ್ನೇನು ಭಯ" ಎಂದಳು.

ಸೋಪು ಸಿಗಲಿಲ್ಲ. ಅರ್ಧ ಗಂಟೆ ಹುಡುಕಿದಳು. ಅದನ್ನು ನನ್ನ ಏಪ್ರನ್ನಿನ ಕಿಸೆಯಲ್ಲಿಟ್ಟುಕೊಂಡು ನಾನೂ ಅವಳ ಜತೆ ಹುಡುಕುತ್ತಿದ್ದೆ.