ಆಷಾಢದಲ್ಲಿ ಬಿಟ್ಟ ಮಾತ್ರೆ

ಮೊನ್ನೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಪಕ್ಕ ಕುಳಿತವರ ಅಂಗಿಯಿಂದ ಮಗ್ಗಕ್ಕೆ ಹಾಕುವ ಎಣ್ಣೆಯ ವಾಸನೆ ಬಂತು. ವಾಸನೆಯ ಹಿಂದೆಯೇ ಒಂದು ಹೊತ್ತು ಬಂತು, ಬೆಳಿಗ್ಗೆ ಹತ್ತೂ ಇಪ್ಪತ್ತು. ಆ ಹೊತ್ತಿಗೆ ಕೆಳಗಿನ ಮನೆಯ ಮಗ್ಗಗಳು ಇದ್ದಕ್ಕಿದ್ದಂತೆ ನಿಂತಿದ್ದವು. ಕರೆಂಟ್ ಹೋಯಿತೆಂದುಕೊಂಡು ತಲೆ ಎತ್ತಿದೆ. ನನ್ನ ಫ್ಯಾನ್ ತಿರುಗುತ್ತಲೇ ಇತ್ತು.

ಆಗ ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನೇಕಾರರ ಬೀದಿಯ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಎರಡು ಪವರ್‌ಲೂಮ್, ಅವುಗಳ ಹಿಂದೆ ಅಡುಗೆಮನೆ. ಅಲ್ಲಿದ್ದವರು ಮನೆಯ ಒಡೆಯರು, ಅವರ ಹೆಂಡತಿ. ನಾನು ಅವರನ್ನು ಅಣ್ಣ, ಅಕ್ಕ ಎಂದು ಕರೆಯುತ್ತಿದ್ದೆ. ಇಬ್ಬರಿಗೂ ಮೂವತ್ತು ದಾಟಿತ್ತು. ಮದುವೆ ಮಾತ್ರ ಹೊಸದು. ಮಗ್ಗದ ಸದ್ದಿನಲ್ಲಿ ಮಾತಾಡಿ ಅಕ್ಕನ ಗಂಟಲು ದೊಡ್ಡದಾಗಿತ್ತು. ಸೊಪ್ಪಿನವನ ಜೊತೆ ಚೌಕಾಸಿ ಮಾಡಿದರೆ ಬೀದಿಯ ತುದಿಗೆ ಕೇಳಿಸುತ್ತಿತ್ತು.

ಒಂದು ವಿಷಯವನ್ನು ಮಾತ್ರ ಅವರು ಮೆಲ್ಲಗೆ ಹೇಳಿದ್ದರು. ಮಹಡಿಯ ಮೇಲೆ ಸಂಡಿಗೆ ಒಣಹಾಕುತ್ತಾ, ತಲೆ ಎತ್ತದೆ...

"ನಮ್ಮೋರಿಗೆ ಎಚ್‌ಐವಿ ಐತೆ ಮೇಡಂ. ನಂಗಿಲ್ಲ. ಮದ್ವೆಗ್ ಮುಂಚೇನೇ ಹೇಳಿದ್ರು, ಒಪ್ಕೊಂಡೆ. ಯಾರಾದ್ರೂ ಒಬ್ರಿಗೆ ಗೊತ್ತಿರ್ಲಿ ಅಂತ ನಿಮ್ಗೆ ಹೇಳ್ತಾ ಇದೀನಿ. ಹೆದ್ರಿ ಮನೆ ಖಾಲಿ ಮಾಡಿದ್ರೆ ಅಡ್ವಾನ್ಸ್ ವಾಪಸ್ ಕೊಡಲ್ಲ, ನೋಡಿ."

ನಾನು ನಗಬೇಕೆಂದು ಅವರಿಗಿತ್ತು. ನಕ್ಕೆ.

ಆಮೇಲೆ ನಿಧಾನವಾಗಿ ಉಳಿದದ್ದನ್ನೂ ಹೇಳಿದರು. ಅಣ್ಣ ದಿನಾ ಒಂದು ಮಾತ್ರೆ ನುಂಗುತ್ತಾರೆ. ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣಿಸದಷ್ಟು ಕಡಿಮೆಯಾಗಿದೆ. ಅದು ಹಾಗೇ ಇರುವ ತನಕ, ಮಾತ್ರೆ ತಪ್ಪಿಸದ ತನಕ, ಗಂಡನ ಜೊತೆ ಕೂಡಿದರೂ ಹೆಂಡತಿಗೆ ತಗಲುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಒಂದು ಮಗು ಬೇಕೆಂದು ಇಬ್ಬರಿಗೂ ಆಸೆ.

ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಗಂಡನ ಮನೆಯಲ್ಲಿ ಇರಬಾರದು. ಸೂಲಿಬೆಲೆಯಿಂದ ತಾಯಿ ಬಂದು ಅಕ್ಕನನ್ನು ಕರೆದುಕೊಂಡು ಹೋದರು. ತವರಿನಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಬರುವುದಿಲ್ಲ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಅಕ್ಕ ದಿನಾ ಗಂಡನಿಗೆ ಫೋನ್ ಮಾಡುತ್ತಿದ್ದರಂತೆ. ಪಕ್ಕದಲ್ಲಿ ತಾಯಿ ಕೂತಿರುತ್ತಿದ್ದರು, ಮಾತ್ರೆಯ ಮಾತು ಎತ್ತಲಾಗಲಿಲ್ಲ.

ಭೀಮನ ಅಮಾವಾಸ್ಯೆ ಕಳೆದ ಮಾರನೆಯ ದಿನ ಅಕ್ಕ ವಾಪಸ್ ಬಂದರು. ಎರಡು ರಾತ್ರಿ ಕಳೆದವು. ಮೂರನೆಯ ಬೆಳಿಗ್ಗೆ ತವರಿನಿಂದ ತಂದ ಉಪ್ಪಿನಕಾಯಿ ಭರಣಿಗೆ ಜಾಗ ಮಾಡಲು ಗೂಡಿನಲ್ಲಿದ್ದ ಮಾತ್ರೆ ಡಬ್ಬಿಯನ್ನು ಸರಿಸಿದ್ದಾರೆ. ಖಾಲಿಯಾಗಿರಬೇಕಾದ ಡಬ್ಬಿ ಹೆಚ್ಚೂಕಡಿಮೆ ತುಂಬಿಯೇ ಇತ್ತು. ಮಗ್ಗ ನಿಲ್ಲಿಸಿದ್ದು ಅವರೇ.

ನಾನು ಮೆಟ್ಟಿಲಿಳಿದಾಗ ಅಣ್ಣ ಕೈಯಲ್ಲಿ ಲಾಳಿ ಹಿಡಿದುಕೊಂಡೇ ನಿಂತಿದ್ದರು.

"ನಿಂಗೆ ತಗುಲಬಾರ್ದು ಅಂತ ತಾನೆ ಮಾತ್ರೆ ತಿಂತಿದ್ದಿದ್ದು? ನೀನೇ ಇರ್ಲಿಲ್ವಲ್ಲ. ಸುಮ್ನೆ ಯಾಕೆ ಅಂತ ಬಿಟ್ಟೆ. ನೀನು ಬಂದ್ ದಿನಾನೇ ಮತ್ತೆ ಶುರು ಮಾಡ್ದೆ ಕಣೇ."

ಅವರ ಮುಖದಲ್ಲಿ ತಪ್ಪು ಮಾಡಿದ ಭಾವವೇ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ ಎಂಬ ನಂಬಿಕೆ ಇತ್ತು... ಆ ಮುಖವೇ ನನಗೆ ಈಗಲೂ ಕಾಣುವುದು.

ಅಕ್ಕ ಬೈಯಲಿಲ್ಲ. ಅಳಲಿಲ್ಲ. "ಮೇಡಂ, ನಿಮ್ ಗಾಡಿ ತೆಗೀರಿ" ಎಂದರು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಆಸ್ಪತ್ರೆಯ ತನಕ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಅಣ್ಣ ಆಟೊದಲ್ಲಿ ಹಿಂದೆ ಬಂದರು.

ಒಳಗೆ ಡಾಕ್ಟರಮ್ಮ ಕೇಳಿದ್ದು ಒಂದನ್ನೇ, ಇಬ್ಬರೂ ಯಾವಾಗ ಸೇರಿದ್ದು. ಅಕ್ಕ ನನ್ನ ಕೈ ಬಿಡದೆ ಹೇಳಿದರು. ಅದಕ್ಕೆ ಡಾಕ್ಟರಮ್ಮ ಹೇಳಿದ್ದು, "ಮೂರು ದಿನದೊಳಗೆ ಬಂದಿದೀರಿ. ಈಗ್ಲೇ ಮಾತ್ರೆ ಶುರು ಮಾಡೋಣ. ತಗುಲದ ಹಾಗೆ ತಡೆಯೋಕೆ ಇದು. ಒಂದು ತಿಂಗ್ಳು, ಒಂದಿನಾನೂ ಬಿಡಬಾರ್ದು. ಇಬ್ರ ಪರೀಕ್ಷೆನೂ ಆಗೋವರ್ಗೆ ಕಾಂಡೋಮ್ ಬಿಡಬೇಡಿ."

ಆಮೇಲೆ ಅಣ್ಣನ ಕಡೆ ತಿರುಗಿದರು. "ಮಾತ್ರೆ ಬಿಟ್ರೆ ವೈರಸ್ ಮತ್ತೆ ಏಳುತ್ತೆ. ಅದಕ್ಕೆ ಆಷಾಢ, ಶ್ರಾವಣ ಗೊತ್ತಿಲ್ಲ. ಮತ್ತೆ ಶುರು ಮಾಡಿದ ದಿನಾನೇ ಕೆಳಗಿಳಿಯೋದೂ ಇಲ್ಲ. ಇವರು ಮನೇಲಿರ್ಲಿ, ಬಿಡ್ಲಿ, ಇದು ಮೊದ್ಲು ನಿಮ್ಮ ಜೀವಕ್ಕೆ ಕೊಡೋ ಮಾತ್ರೆ."

"ನಂಗಾ?" ಎಂದರು ಅಣ್ಣ.

ಬೇರೆ ಯಾರದೋ ವಿಳಾಸಕ್ಕೆ ಬಂದ ಕಾಗದವನ್ನು ತಮ್ಮ ಕೈಗೆ ಕೊಟ್ಟಂತೆ ಕೇಳಿದರು. ಅಕ್ಕ ಆಗ ಮೊದಲ ಸಲ ಅವರ ಮುಖ ನೋಡಿದರು.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಊಟವಾದ ಮೇಲೆ ಇಬ್ಬರೂ ಒಂದೇ ಚೊಂಬಿನ ನೀರಿನಲ್ಲಿ ತಮ್ಮ ತಮ್ಮ ಮಾತ್ರೆ ನುಂಗುತ್ತಿದ್ದರು. ಅಕ್ಕನಿಗೆ ಮೊದಮೊದಲು ವಾಕರಿಕೆ. ಬಸುರಿ ಇರಬೇಕೆಂದು ಎದುರು ಮನೆಯವರು ಹಲ್ಲು ಬಿಟ್ಟರೆ, "ಹೂಂ, ನಿಮ್ ಬಾಯ್ ಹರಕೆ" ಎಂದು ಒಳಗೆ ಬರುತ್ತಿದ್ದರು. ರಾತ್ರಿಯೆಲ್ಲ ಮಗ್ಗ ಓಡುತ್ತಿತ್ತು. ಆರ್ಡರ್ ಜಾಸ್ತಿ ಎಂದು ಬೀದಿಗೆ ಹೇಳಿದ್ದರು. ನಿದ್ದೆ ಬಾರದ್ದಕ್ಕೆ ಎಂದು ನನಗೆ ಗೊತ್ತಿತ್ತು. ಮೇಲೆ ನಾನೂ ಎದ್ದಿರುತ್ತಿದ್ದೆ. ಆ ಉಪ್ಪಿನಕಾಯಿ ಭರಣಿ ಸ್ವಲ್ಪ ಸಣ್ಣದಿದ್ದಿದ್ದರೆ, ಡಬ್ಬಿಯ ಪಕ್ಕದಲ್ಲೇ ಹಿಡಿಸಿಬಿಟ್ಟಿದ್ದರೆ... ಅಲ್ಲಿಗೆ ಬಂದು ಮನಸ್ಸು ನಿಲ್ಲುತ್ತಿತ್ತು. ಈಗಲೂ ಅಲ್ಲಿಯೇ ನಿಲ್ಲುತ್ತದೆ.

ಮಧ್ಯದ ಪರೀಕ್ಷೆ ಒಂದಾಯಿತು. ಮೂರು ತಿಂಗಳ ಮೇಲೆ ಕೊನೆಯದಾಯಿತು. ಅಕ್ಕನಿಗೆ ತಗುಲಿರಲಿಲ್ಲ. ಅಣ್ಣನ ರಕ್ತದಲ್ಲೂ ವೈರಸ್ ಮತ್ತೆ ಕಾಣದಷ್ಟು ಇಳಿದಿತ್ತು. ಆ ಸಂಜೆ ಯಾರೂ ಸಿಹಿ ತರಲಿಲ್ಲ. ಅಕ್ಕ ಮೆಟ್ಟಿಲ ಕೆಳಗೆ ನಿಂತು, "ಇಲ್ವಂತೆ ಮೇಡಂ" ಎಂದರು. ಅಷ್ಟೇ.

ಮುಂದಿನ ವರ್ಷ ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಫೋನು ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ, ಆಮೇಲೆ ಆ ನಂಬರೇ ಇಲ್ಲ. ಮೊನ್ನೆ ಬಸ್ಸಿಳಿದವಳು ಆ ಬೀದಿಗೆ ಹೋದೆ. ಮನೆ ಇದ್ದ ಜಾಗದಲ್ಲಿ ಗೋಡೌನ್ ಎದ್ದಿದೆ. ಮಗ್ಗ ಮಾರಿಕೊಂಡು ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದರು ಎದುರು ಮನೆಯವರು. ಮಗುವಾಯಿತೇ ಎಂದು ಕೇಳಲು ಬಾಯಿ ಬರಲಿಲ್ಲ. ಯಾಕೆ ಇಷ್ಟು ವಿಚಾರಿಸುತ್ತೀರಿ ಎಂದು ಅವರು ಕೇಳಿದ್ದರೆ, ಹೇಳಲು ನನ್ನಲ್ಲಿದ್ದದ್ದು ಅಕ್ಕನ ಗುಟ್ಟೊಂದೇ.

ಗೋಡೌನಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಒಳಗಿನಿಂದ ಸದ್ದಿರಲಿಲ್ಲ. ಕೊನೆಯ ಪರೀಕ್ಷೆಯ ಮಾರನೆಯ ಬೆಳಿಗ್ಗೆಯೂ ಹೀಗೇ ಸದ್ದಿರಲಿಲ್ಲ. ಅಂದು ನಾನು ಎದ್ದಾಗ ಬಿಸಿಲು ಏರಿತ್ತು, ಕೆಳಗೆ ಮಗ್ಗ ಓಡುತ್ತಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಹಾಲಿನ ಪ್ಯಾಕೆಟ್ ಹೊಸ್ತಿಲಲ್ಲೇ ಬಿದ್ದಿತ್ತು. ಜೋರಾಗಿ ಬಾಗಿಲು ಬಡಿದೆ, "ಅಕ್ಕಾ, ಏನಾಯ್ತು" ಎಂದು ಕೂಗಿದೆ. ಬಾಗಿಲು ಅರ್ಧ ತೆರೆಯಿತು. ಅಕ್ಕನ ಜಡೆ ಬಿಚ್ಚಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

"ಮೆಲ್ಲಗೆ ಮಾತಾಡಿ ಮೇಡಂ" ಎಂದರು. "ಅವ್ರಿನ್ನೂ ಮಲಗವ್ರೆ."