ವಿಮಾನದ ಹೆಸರಿಗೆ ಬಿಳಿ ಬಣ್ಣ

ಆ ದಿನ ನಡೆದದ್ದು ಇಷ್ಟೇ: ವಿಮಾನ ಮಳೆಯಲ್ಲಿ ರನ್‌ವೇಯಿಂದ ಜಾರಿ ಕೆಸರಿಗೆ ಇಳಿಯಿತು, ಕಂಪನಿ ಮೊದಲು ತನ್ನ ಹೆಸರು ಮುಚ್ಚಿಕೊಂಡಿತು, ಮಂದಿಯನ್ನು ಆಮೇಲೆ ನೋಡಿತು. ಉಳಿದದ್ದೆಲ್ಲ ಟಿವಿಯವರ ಹರಟೆ.

ಮುಚ್ಚಲು ಹೋದವನು ನನ್ನ ಮಗ, ಅದಕ್ಕೇ ನನಗೆ ಗೊತ್ತು. ನಮ್ಮ ಯಜಮಾನರೂ ಅದೇ ಸರಕಾರಿ ವಿಮಾನ ಕಂಪನಿಯಲ್ಲಿ ಪೇಂಟರ್ ಆಗಿದ್ದವರು. ವಿಜಯಪುರದ ಕಡೆಯಿಂದ ಬಂದು, ಅಂಧೇರಿಯ ಒಂಟಿಕೋಣೆ ಮನೆಗಳ ಚಾಳಿನಲ್ಲಿ ಸಂಸಾರ ಹೂಡಿ, ರಿಟೈರ್ ಆಗುವವರೆಗೆ ವಿಮಾನಗಳಿಗೆ ಬಣ್ಣ ಹೊಡೆದರು. ಮಗ ಅದೇ ಕೆಲಸಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಸೇರಿದ. ಕಂಪನಿಯ ಚರಿತ್ರೆ ಅಂತ ದೊಡ್ಡವರು ಭಾಷಣ ಮಾಡುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಬಣ್ಣದ ಚರಿತ್ರೆ. ಹೊಸ ಸಾಹೇಬ ಬಂದಾಗಲೆಲ್ಲ ಬಾಲದ ಮೇಲಿನ ಚಿತ್ರ ಬದಲಾಗುತ್ತಿತ್ತು. ಒಳಗೆ ಹರಿದ ಸೀಟು ಹರಿದೇ ಇರುತ್ತಿತ್ತು. ಎಲ್ಲಾದರೂ ಒಂದು ವಿಮಾನ ನೆಲಕ್ಕೆ ಬಡಿದರೆ ಬಿಳಿ ಬಣ್ಣದ ಡಬ್ಬಿ ಹಿಡಿದು ಓಡಬೇಕು. ಫೋಟೋದಲ್ಲಿ ಹೆಸರು ಕಾಣಬಾರದು, ಅದು ಅವರ ಪದ್ಧತಿ. ಯಜಮಾನರು ತಾವು ಹಾಗೆ ನಿಚ್ಚಣಿಕೆ ಹತ್ತಿ ಬಳಿದದ್ದನ್ನು ಲಗ್ನದ ಸುದ್ದಿಯಂತೆ ಹೇಳುತ್ತಿದ್ದರು.

ಆ ಮಧ್ಯಾಹ್ನ ಟಿವಿಯಲ್ಲಿ, ನಮ್ಮ ಮನೆ ಹತ್ತಿರದ ವಿಮಾನ ನಿಲ್ದಾಣದಲ್ಲೇ, ವಿಮಾನ ಕೆಸರಿಗೆ ಮೂಗು ಊರಿ ನಿಂತಿತ್ತು. ಒಬ್ಬ ಹೆಂಗಸು ಹಣೆಯ ರಕ್ತಕ್ಕೆ ದುಪಟ್ಟಾ ಒತ್ತಿಕೊಂಡು ಹುಲ್ಲಿನ ಮೇಲೆ ಕೂತಿದ್ದಳು. ಅಷ್ಟರಲ್ಲಿ ಮಗನಿಗೆ ಫೋನು ಬಂತು.

"ಈಗ ಬಂದ್ರ ಪರ್ಮನೆಂಟ್ ಮಾಡ್ತೇನಿ ಅಂದಾನ ಸಾಹೇಬ," ಅಂದ.

"ಇಂಥಾ ಮಳ್ಯಾಗ ಬಣ್ಣ ಹಿಡಿತೈತೇನಪಾ?" ಅಂದೆ.

"ನಿನಗೇನ ತಿಳಿತೈತಿ, ಸುಮ್ನಿರು," ಅಂದರು ಯಜಮಾನರು. "ಕಂಪನಿ ಮರ್ಯಾದಿ ಮಾತಿದು. ಹೋಗೋ ನೀ."

"ಮರ್ಯಾದಿ ಇದ್ದಿದ್ರ ಆ ಹೆಣ್ಮಗಳ ಹಣಿಗೆ ಮೊದಲ ಪಟ್ಟಿ ಕಟ್ತಿದ್ರು, ಬಿಡ್ರಿ."

ಮಗ ಹೋದ. ಸಂಜೆಯ ಹೊತ್ತಿಗೆ ಟಿವಿಯಲ್ಲಿ ವಿಮಾನದ ಮೈ ಬೋಳಾಗಿತ್ತು. ಮೊಮ್ಮಗಳು, "ಅಜ್ಜಿ, ನಾಮ್ ಕಿಧರ್ ಗಯಾ?" ಅಂತ ಕೇಳಿದಳು.

"ಹೆಸರ ನಿಮ್ಮಪ್ಪ ನುಂಗಿದ," ಅಂದೆ.

ನುಂಗಿದವನು ಮನೆಗೆ ಬಂದಾಗ ಮೊಣಕೈ ಬಾತಿತ್ತು, ಕೂದಲಲ್ಲಿ ಬಣ್ಣ. ಕೆಸರಿನಲ್ಲಿ ನಿಚ್ಚಣಿಕೆಯ ಕಾಲು ಹೂತು ವಾಲಿತಂತೆ. ಇವನು ವಿಮಾನದ ಬಾಗಿಲಿಗೆ ಜೋತುಬಿದ್ದನಂತೆ. ಫೈರ್ ಬ್ರಿಗೇಡಿನವನೊಬ್ಬ ಸೊಂಟ ಹಿಡಿದು ಇಳಿಸಿದನಂತೆ. ನಗುನಗುತ್ತಲೇ ಹೇಳಿದ. ಇಷ್ಟೆಲ್ಲ ಆದ ಮೇಲೆ ಮಳೆಗೆ ಬಣ್ಣ ತೊಳೆದುಹೋಗಿ ಅಕ್ಷರಗಳು ಮತ್ತೆ ಹಣಿಕಿಕ್ಕುತ್ತಿದ್ದವು. ಬೆಳಗ್ಗೆ ಬಂದು ಇನ್ನೊಮ್ಮೆ ಬಳಿ, ಬಾಲದ ಚಿತ್ರವನ್ನೂ ಮುಚ್ಚು ಅಂತ ಸಾಹೇಬನ ಹುಕುಂ.

"ಬಾಲ ಎಷ್ಟ ಎತ್ತರ ಐತಿ?" ಅಂತ ಕೇಳಿದೆ.

"ನಮ್ಮ ಚಾಳಿಗಿಂತ ಎತ್ತರ."

"ಅದಕ್ಕೂ ನಿಚ್ಚಣಿಕಿನ?"

"ಕ್ರೇನ್ ಬರ್ತೈತಂತ. ಬಂದ್ರ."

"ನಾ ಹತ್ತಿಲ್ಲೇನು?" ಅಂದರು ಯಜಮಾನರು.

"ಹತ್ತಿ ಏನ್ ಸಿಕ್ತರಿ ನಿಮಗ? ರಿಟೈರ್ ಆದಾಗ ಒಂದು ಗ್ವಾಡಿ ಗಡಿಯಾರ. ಅದೂ ನಡಿಯಂಗಿಲ್ಲ."

ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಮಗ ಬ್ರಶ್ಶು ತೊಳೆದು ಚೀಲಕ್ಕೆ ಹಾಕಿಕೊಂಡ. ಅಪ್ಪನ ಮಾತು ಮೀರಿದವನಲ್ಲ, ಹೋಗೇ ಹೋಗುತ್ತಾನೆ ಅಂತ ನನಗೆ ಗೊತ್ತಾಯಿತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಅಂಗಿ, ಪ್ಯಾಂಟು ಕೂಡಿಸಿ ಹೊಲಿದ ನೀಲಿ ಡಾಂಗ್ರಿ ಇಲ್ಲದವನನ್ನು ಕಂಪನಿಯ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಕಾಂಟ್ರ್ಯಾಕ್ಟಿನವರಿಗೆ ಕೊಡುವುದೂ ಒಂದೇ. ಕಿಸೆಯಲ್ಲಿದ್ದ ಪಾಸು ತೆಗೆದು ಒಣ ಜಾಗದಲ್ಲಿಟ್ಟೆ, ನೌಕರಿಯಂತೂ ಬೇಕಲ್ಲ. ಡಾಂಗ್ರಿಯನ್ನು ನಳದ ಕೆಳಗೆ ಬಕೆಟ್ಟಿಗೆ ತುರುಕಿ, ಸೋಪಿನ ಪುಡಿ ಸುರಿದು ನೀರು ಬಿಟ್ಟೆ.

ಮಗ ಎದ್ದು ಬಂದ. ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ಯವ್ವಾ, ಇಂಥಾ ಮಳ್ಯಾಗ ಇದ ಯಾವಾಗ ಒಣಗ್ತೈತಿ?"

"ಒಣಗಿದಾಗ," ಅಂದೆ. ಹಿಂಡದೆಯೇ ಎತ್ತಿ ಗ್ಯಾಲರಿಯ ಹಗ್ಗದ ಮೇಲೆ ಹಾಕಿದೆ.